ಶೇಕಡಾ ಹನ್ನೊಂದು

ಆಕೆಯ ಎಡಹುಬ್ಬು ಬಲಕ್ಕಿಂತ ಒಂದು ಕೂದಲು ಮೇಲೆ.
ಯಾರೋ ಅವಸರದಲ್ಲಿ ಎಳೆದಿದ್ದಾರೆ, ಹಬ್ಬದ ಹಿಂದಿನ ದಿನ ಇರಬೇಕು.
ಮೇಯೋ ಹಾಲು, ಎರಡನೇ ಶನಿವಾರ, ಲೋಕ ಅದಾಲತ್ತು;
ಮೇಜಿನ ಆಚೆ ವಿಮೆ ಕಂಪನಿಯ ಮೇಡಂ,
ಈಚೆ ನಾನು, ನನ್ನ ಲಾಯರು ಮುನಿವೆಂಕಟಪ್ಪ,
ಮತ್ತೆ ಮಡಿಲಲ್ಲಿ ಮಲಗಿರುವ ನನ್ನ ಬಲಗೈ.

"ಕೇಳಿ ರೆಜಿನಾ ಅವರೇ," ಅಂದರು ಮೇಡಂ,
"ಕೈಗೆ ಮೂವತ್ತಮೂರು ಅಂತ ಡಾಕ್ಟರು ಬರೆದಿದ್ದಾರೆ.
ಇಡೀ ದೇಹಕ್ಕೆ ಅಂದರೆ ಅದರಲ್ಲಿ ಮೂರನೇ ಒಂದು. ಹನ್ನೊಂದು."

ಇಡೀ ದೇಹಕ್ಕೆ.
ಅಂದರೆ ಮೊಣಕಾಲು, ಕಿವಿ, ಗುಲ್ಮ, ಬೆನ್ನು
ಎಲ್ಲ ಸೇರಿ ನನ್ನ ಹೆಬ್ಬೆರಳ ನಷ್ಟವನ್ನು
ಹಂಚಿಕೊಂಡಿವೆ, ಮುಳುಗಿದ ಚೀಟಿಯವರ ಹಾಗೆ.
ಅವನ್ನು ಕೇಳಿದವರು ಯಾರು?
ನನ್ನ ಬೆನ್ನು ಯಾವತ್ತಾದರೂ ಒಬ್ಬರ ಹುಬ್ಬು ತಿದ್ದಿದೆಯೇ?

ದಾರದ ಒಂದು ತುದಿ ಹಲ್ಲಿನಲ್ಲಿ,
ಇನ್ನೊಂದು ಎಡಗೈಲಿ,
ನಡುವೆ ಏಳು ಸುತ್ತಿನ ಗಂಟಲ್ಲದ ಗಂಟು.
ಬಲಗೈಯ ಹೆಬ್ಬೆರಳು ತೋರುಬೆರಳು ತೆರೆದು ಮುಚ್ಚಿದರೆ
ಹೊರಟಿತು ಅದು, ಸಾಲು ಹಿಡಿದು, ಕಳೆ ಕೀಳುತ್ತ.
ಲಿಂಗರಾಜಪುರದ ಹತ್ತಡಿ ಪಾರ್ಲರಿನಲ್ಲಿ
ದಿನಕ್ಕೆ ಇಪ್ಪತ್ತು ಮುಖ ನನ್ನ ಉಸಿರಿನ ಕೆಳಗೆ ಮಲಗುತ್ತಿದ್ದವು,
ತಮ್ಮ ರೆಪ್ಪೆ ತಾವೇ ಎಳೆದು ಹಿಡಿದುಕೊಂಡು.
ಮದುವೆ ಹೆಣ್ಣುಗಳು, ನರ್ಸುಗಳು, ರಿಟೈರಾದ ಹೆಡ್‌ಮಿಸ್ಸು.
ಕಣ್ಣಲ್ಲಿ ನೀರು ಬಂದವರೆಲ್ಲ
ದಾರಕ್ಕೇ ಅತ್ತವರಲ್ಲ.

ಈಗ ಮುಚ್ಚುವುದಿಲ್ಲ ಹೆಬ್ಬೆರಳು.
ಹೆಣ್ಣೂರು ಕ್ರಾಸಿನಲ್ಲಿ ಇಂಡಿಕೇಟರು ಹಾಕದೆ ತಿರುಗಿದ ಬಿಳಿ ಕಾರು
ಅದನ್ನು ಅರ್ಧ ತೆರೆದೇ ಬಿಟ್ಟು ಹೋಯಿತು,
ಸಾಲ ಕೇಳಲು ಬಂದವನಿಗೆ ತೆರೆದ ಬಾಗಿಲಿನ ಹಾಗೆ.
ದಾರ ಹಿಡಿದರೆ ಕೂದಲಿನ ಬದಲು ಚರ್ಮ ಬರುತ್ತದೆ.
ಈಗ ಎಳೆಯುವವಳು ಶೈನಿ.
ನಾನು ದುಡ್ಡು ಎಣಿಸುತ್ತೇನೆ. ಎಡಗೈಲಿ.

"ಆದಾಯಕ್ಕೆ ದಾಖಲೆ?"
ಇದೆ. ಹಳೇ ಡೈರಿ. ಹುಬ್ಬು ನಲವತ್ತು, ಮೇಲ್ದುಟಿ ಇಪ್ಪತ್ತು,
ಹೆಸರುಗಳ ಮುಂದೆ ಟಿಕ್ಕು. ಮೇಡಂ ತೆರೆಯಲಿಲ್ಲ.
"ದಾಖಲೆ ಇಲ್ಲದವರಿಗೆ ಚಾರ್ಟು ಇದೆಯಲ್ಲ,
ಆ ವರ್ಷಕ್ಕೆ ಹದಿನಾಲ್ಕು ಸಾವಿರ. ವಯಸ್ಸು ಮೂವತ್ತೆಂಟು.
ಹದಿನೈದರಿಂದ ಗುಣಿಸಿ."
ಕ್ಯಾಲ್ಕುಲೇಟರಿನ ಮೇಲೆ ಅವರ ಹೆಬ್ಬೆರಳು
ಎಷ್ಟು ಚೆನ್ನಾಗಿ ಮಡಿಯುತ್ತದೆ!

ನಾವು ಒಂಬತ್ತು ಅಂದಿದ್ದೆವು. ಅವರು ಎರಡೂ ಮುಕ್ಕಾಲು ಅಂದರು.
"ಸೊಪ್ಪು ಕೊಳ್ಳೋಕೆ ಬಂದಿದ್ದೀರಾ ಮೇಡಂ?"
ಮುನಿವೆಂಕಟಪ್ಪ ಕೋಟು ಕೊಡವಿದರು, ಆರಕ್ಕಿಳಿದರು.
ಮೂರೂವರೆ. ಐದೂಕಾಲು.
ನೋವು ಮತ್ತು ಯಾತನೆಗೆ ನಲವತ್ತು ಸಾವಿರ
(ನೋವು ಬೇರೆ, ಯಾತನೆ ಬೇರೆ; ಇಬ್ಬರಿಗೂ ಒಂದೇ ತಟ್ಟೆ),
ಹಾಲು ಮೊಟ್ಟೆಗೆ ಹತ್ತು, ಆಟೋಗೆ ಐದು.
ನಾವು ಇಳಿದಾಗಲೆಲ್ಲ
ಮೇಡಮ್ಮನ ಎಡಹುಬ್ಬು ಇನ್ನಷ್ಟು ಏರುತ್ತಿತ್ತು.
ಆ ಒಂದು ಕೂದಲು. ನನಗೆ ಬೇರೇನೂ ಕಾಣುತ್ತಿರಲಿಲ್ಲ.

"ಈಗ ಒಪ್ಪದಿದ್ದರೆ ಇನ್ನು ನಾಲ್ಕು ವರ್ಷ," ಕಿವಿಯಲ್ಲಿ ಲಾಯರು,
"ಹೈಕೋರ್ಟಿಗೆ ಹೋಗ್ತಾರೆ ಅವರು."
ಅವರಿಗೂ ಇದರಲ್ಲಿ ಶೇಕಡಾ ಇದೆ,
ನನ್ನ ಹನ್ನೊಂದಕ್ಕಿಂತ ಜಾಸ್ತಿ.

ನಾಲ್ಕು ಎಪ್ಪತ್ತಕ್ಕೆ ನಿಂತಿತು.
"ಸ್ವಂತ ಇಚ್ಛೆಯಿಂದ ತಾನೇ?" ಜಡ್ಜು ಕೇಳಿದರು.
ತಲೆಯಾಡಿಸಿದೆ. ಪೆನ್ನು ಹಿಡಿದೆ, ಜಾರಿತು.
ಗುಮಾಸ್ತ ನೀಲಿ ಪ್ಯಾಡು ಮುಂದಿಟ್ಟ:
"ಪರವಾಗಿಲ್ಲಮ್ಮ, ಹೆಬ್ಬೆಟ್ಟು ಒತ್ತಿ.
ಎಡಗೈ ಅಲ್ಲ, ಹೆಂಗಸರದ್ದು ಬಲಗೈ."
ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನ ನನ್ನ ಬೆರಳನ್ನು
ಅವನೇ ಹಿಡಿದು, ಅವನೇ ಉರುಳಿಸಿದ.
ಅರ್ಧ ಮೂಡಿತು. ಸಾಕು ಅಂದರು.

ಎದ್ದು ನಿಂತ ಮೇಲೆ ಬಾಯಿ ತಡೆಯಲಿಲ್ಲ:
"ಮೇಡಂ, ನಿಮ್ಮ ಒಂದು ಹುಬ್ಬು ಹೆಚ್ಚುಕಮ್ಮಿ ಆಗಿದೆ.
ಲಿಂಗರಾಜಪುರಕ್ಕೆ ಬನ್ನಿ, ನಮ್ಮ ಶೈನಿ ಸರಿ ಮಾಡ್ತಾಳೆ.
ನಲವತ್ತು ರೂಪಾಯಿ. ಚೌಕಾಸಿ ಇಲ್ಲ."

ಮೇಡಂ ಕೈ ತಟ್ಟನೆ ಹುಬ್ಬಿಗೆ ಹೋಯಿತು.
ಬಲಹುಬ್ಬಿಗೆ.